ಸ್ಟೋರಿಬುಕ್‌ನ ಪಕ್ಕಪಟ್ಟಿ

ಸ್ಟೋರಿಬುಕ್ ಎಂಬುದು ಜಾಲತಾಣಗಳ ಬಟನ್, ಫಾರ್ಮ್, ಮೆನು ಮುಂತಾದ ದೃಶ್ಯಘಟಕಗಳನ್ನು ಮೂಲ ಅಪ್ಲಿಕೇಶನ್‌ನಿಂದ ಬೇರ್ಪಡಿಸಿ ರೂಪಿಸಲು ಹಾಗೂ ಪರೀಕ್ಷಿಸಲು ಬಳಸುವ ಮುಕ್ತ ತಂತ್ರಾಂಶ. 2016ರಲ್ಲಿ ರಿಯಾಕ್ಟ್ ಸ್ಟೋರಿಬುಕ್ ಎಂಬ ಹೆಸರಿನಿಂದ ಆರಂಭವಾದ ಇದು ಅನಂತರ ವ್ಯೂ, ಆಂಗ್ಯುಲರ್ ಮೊದಲಾದವುಗಳಿಗೂ ವಿಸ್ತರಿಸಿತು. ಘಟಕವೊಂದರ ಒಂದು ನಿರ್ದಿಷ್ಟ ಸ್ಥಿತಿಯನ್ನು ಇದರಲ್ಲಿ ಸ್ಟೋರಿ ಎಂದು ಕರೆಯಲಾಗುತ್ತದೆ. ಒತ್ತಬಹುದಾದ ಬಟನ್ ಒಂದು ಸ್ಟೋರಿಯಾದರೆ, ನಿಷ್ಕ್ರಿಯಗೊಂಡ ಅದೇ ಬಟನ್ ಇನ್ನೊಂದು ಸ್ಟೋರಿ. ದೊಡ್ಡ ಯೋಜನೆಗಳಲ್ಲಿ ಇಂತಹ ಸ್ಟೋರಿಗಳು ನೂರಾರು ಇರುವುದರಿಂದ, ಪರದೆಯ ಎಡಬದಿಯ ಪಕ್ಕಪಟ್ಟಿಯೇ (ಸೈಡ್‌ಬಾರ್) ಅವುಗಳನ್ನು ಹುಡುಕುವ ಮುಖ್ಯ ಸಾಧನವಾಗಿದೆ.

ಶ್ರೇಣಿಯ ರಚನೆ

ಪಕ್ಕಪಟ್ಟಿಯ ಮರದಂತಹ ರಚನೆಯು ಘಟಕದ ಶೀರ್ಷಿಕೆಯಿಂದ ಹುಟ್ಟುತ್ತದೆ. ಸ್ಟೋರಿ ಕಡತದಲ್ಲಿ 'ಫಾರ್ಮ್ಸ್/ಇನ್‌ಪುಟ್ಸ್/ಬಟನ್' ಎಂಬ ಶೀರ್ಷಿಕೆಯಿದ್ದರೆ, ಮೊದಲ ಭಾಗವು ಮೇಲ್ಮಟ್ಟದ ವಿಭಾಗವಾಗಿಯೂ ಎರಡನೆಯದು ಅದರೊಳಗಿನ ಫೋಲ್ಡರ್ ಆಗಿಯೂ ಕೊನೆಯದು ಘಟಕವಾಗಿಯೂ ತೋರುತ್ತವೆ. ಸ್ಟೋರಿಗಳು ಘಟಕದ ಕೆಳಗೆ ಬರುತ್ತವೆ. ಐದನೆಯ ಆವೃತ್ತಿಯವರೆಗೆ ಮೇಲ್ಮಟ್ಟದ ವಿಭಾಗವನ್ನು ಸೂಚಿಸಲು ಲಂಬಗೆರೆಯನ್ನು ಬಳಸಬೇಕಿತ್ತು; 2020ರ ಆರನೆಯ ಆವೃತ್ತಿಯಿಂದ ಓರೆಗೆರೆಯೊಂದೇ ಸಾಕಾಗುತ್ತದೆ.

ಶೀರ್ಷಿಕೆಯನ್ನು ಬರೆಯದೆ ಬಿಟ್ಟರೆ ಈಚಿನ ಆವೃತ್ತಿಗಳು ಕಡತವಿರುವ ಸ್ಥಳದಿಂದಲೇ ಅದನ್ನು ರಚಿಸಿಕೊಳ್ಳುತ್ತವೆ. ಘಟಕಕ್ಕೆ ಒಂದೇ ಸ್ಟೋರಿಯಿದ್ದು, ಅದರ ಹೆಸರು ಘಟಕದ ಹೆಸರಿಗೆ ಸಮನಾಗಿದ್ದರೆ, ಸ್ಟೋರಿಯು ಒಂದು ಮಟ್ಟ ಮೇಲೇರಿ ಘಟಕದ ಸ್ಥಾನದಲ್ಲಿಯೇ ಕಾಣಿಸುತ್ತದೆ.

ಜೋಡಣೆಯ ಕ್ರಮ

ಸೂಚನೆಯಿಲ್ಲದಿದ್ದಲ್ಲಿ ಸ್ಟೋರಿಗಳು ಆಮದಾದ ಕ್ರಮದಲ್ಲಿಯೇ ಕೂರುತ್ತವೆ. 'ಸ್ಟೋರಿಸಾರ್ಟ್' ಎಂಬ ಆಯ್ಕೆಯಿಂದ ಅಕಾರಾದಿ ಕ್ರಮವನ್ನಾಗಲಿ, ತಂಡವೇ ನಿಗದಿಪಡಿಸಿದ ಪಟ್ಟಿಯನ್ನಾಗಲಿ ಅನುಸರಿಸಬಹುದು. ಪಟ್ಟಿಯಲ್ಲಿ ಹೆಸರಿಸದ ಉಳಿದೆಲ್ಲವೂ ಎಲ್ಲಿ ಬರಬೇಕೆಂಬುದನ್ನು ನಕ್ಷತ್ರಚಿಹ್ನೆಯಿಂದ ಸೂಚಿಸಲಾಗುತ್ತದೆ. ಪರಿಚಯ ಪುಟವನ್ನು ಮೊದಲಿಗೂ ಅಪೂರ್ಣ ಘಟಕಗಳನ್ನು ಕೊನೆಗೂ ಇಡಲು ಇದು ಉಪಯುಕ್ತ.

ಶೀರ್ಷಿಕೆ ಮತ್ತು ಕೊಂಡಿಗಳು

ಶೀರ್ಷಿಕೆಯು ಕೇವಲ ಪ್ರದರ್ಶನಕ್ಕಾಗಿ ಇರುವುದಲ್ಲ. ಪ್ರತಿ ಸ್ಟೋರಿಯ ಗುರುತು (ಐಡಿ) ಅದರಿಂದಲೇ ರೂಪುಗೊಳ್ಳುತ್ತದೆ: ಓರೆಗೆರೆಗಳ ಸ್ಥಾನದಲ್ಲಿ ಅಡ್ಡಗೆರೆಗಳು ಬಂದು, ಕೊನೆಯಲ್ಲಿ ಎರಡು ಅಡ್ಡಗೆರೆಗಳ ನಂತರ ಸ್ಟೋರಿಯ ಹೆಸರು ಸೇರಿ, 'ಫಾರ್ಮ್ಸ್-ಇನ್‌ಪುಟ್ಸ್-ಬಟನ್--ಡಿಸೇಬಲ್ಡ್' ಎಂಬಂತಹ ಗುರುತು ಸಿದ್ಧವಾಗುತ್ತದೆ. ಪುಟದ ವಿಳಾಸದಲ್ಲಿ ಕಾಣುವುದು ಇದೇ. ಆದ್ದರಿಂದ ಪಕ್ಕಪಟ್ಟಿಯನ್ನು ಅಚ್ಚುಕಟ್ಟು ಮಾಡುವ ಉದ್ದೇಶದಿಂದ ಘಟಕವನ್ನು ಬೇರೆ ವಿಭಾಗಕ್ಕೆ ಸರಿಸಿದರೆ, ವಿನ್ಯಾಸ ದಾಖಲೆಗಳಲ್ಲಿ ಈಗಾಗಲೇ ಹಂಚಿಕೊಂಡ ಕೊಂಡಿಗಳೆಲ್ಲ ಮುರಿಯುತ್ತವೆ. ಗುರುತನ್ನು ಅವಲಂಬಿಸಿದ ಚಿತ್ರ-ಹೋಲಿಕೆ ಪರೀಕ್ಷೆಗಳು ಹಳೆಯ ಸ್ಟೋರಿ ಅಳಿದುಹೋಯಿತೆಂದೂ ಹೊಸದೊಂದು ಸೇರಿತೆಂದೂ ಎಣಿಸುತ್ತವೆ. ಶೀರ್ಷಿಕೆಯು ತಾನಾಗಿ ರಚನೆಯಾಗುವ ಯೋಜನೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಡತವನ್ನು ಬೇರೊಂದು ಫೋಲ್ಡರ್‌ಗೆ ಸಾಗಿಸಿದ ಮಾತ್ರಕ್ಕೆ ವಿಳಾಸ ಬದಲಾಗುತ್ತದೆ.

ಇದಕ್ಕೆ ಪರಿಹಾರವಾಗಿ, ಘಟಕಕ್ಕೆ ಪ್ರತ್ಯೇಕ ಐಡಿಯನ್ನು ಕಡತದಲ್ಲಿಯೇ ನಮೂದಿಸಲು ಅವಕಾಶವಿದೆ. ಹಾಗೆ ಮಾಡಿದಲ್ಲಿ ಶೀರ್ಷಿಕೆ ಎಷ್ಟು ಬಾರಿ ಬದಲಾದರೂ ಕೊಂಡಿ ಉಳಿಯುತ್ತದೆ. ಸ್ಟೋರಿಯ ಪ್ರದರ್ಶನ ಹೆಸರನ್ನು ಮಾತ್ರ ಬದಲಿಸುವುದಾದರೆ ಈ ಎಚ್ಚರಿಕೆ ಬೇಕಿಲ್ಲ, ಏಕೆಂದರೆ ಗುರುತಿನ ಕೊನೆಯ ಭಾಗವು ಸಂಕೇತದಲ್ಲಿ ರಫ್ತಾದ ಹೆಸರನ್ನು ಆಧರಿಸಿದೆಯೇ ಹೊರತು ಪಕ್ಕಪಟ್ಟಿಯಲ್ಲಿ ಕಾಣುವ ಹೆಸರನ್ನಲ್ಲ.