ಬೀಗ ಹಾಕಿದ ಪೆಟ್ಟಿಗೆ ಮತ್ತು ಹೋಶಂಗಾಬಾದಿನ ಮೇಷ್ಟ್ರುಗಳು

ನಾನು ಓದಿದ ಹಳ್ಳಿ ಶಾಲೆಯಲ್ಲಿ ವಿಜ್ಞಾನದ ಒಂದು ಪೆಟ್ಟಿಗೆ ಇತ್ತು. ಮೂರು ವರ್ಷದಲ್ಲಿ ಅದರ ಬೀಗ ತೆಗೆದದ್ದು ಒಂದೇ ಸಲ, ಇನ್ಸ್‌ಪೆಕ್ಟರ್ ಬಂದ ದಿನ. ನಮ್ಮ ಮೇಷ್ಟ್ರನ್ನು ಮನಸ್ಸಲ್ಲೇ ಎಷ್ಟು ಬೈದಿದ್ದೆನೋ! ಒಂದು ಪ್ರಣಾಳ ಒಡೆದರೂ ದುಡ್ಡು ಅವರ ಜೇಬಿನಿಂದಲೇ ಹೋಗುತ್ತಿತ್ತು ಅಂತ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ಹೋಶಂಗಾಬಾದಿನ ಕಥೆ ಓದಿದಾಗಲೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ.

ಮಧ್ಯಪ್ರದೇಶದ ಈ ಜಿಲ್ಲೆಗೆ 2022ರಲ್ಲಿ ನರ್ಮದಾಪುರಂ ಎಂದು ಹೆಸರು ಬದಲಾಗಿದೆ. 1972ರಲ್ಲಿ ಇಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಥರದ ವಿಜ್ಞಾನ ಪಾಠ ಶುರುವಾಯಿತು. ಶುರು ಮಾಡಿದ್ದು ಅನಿಲ್ ಸದ್ಗೋಪಾಲ್ ಅವರ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಎಲ್ಲವೂ ಸರ್ಕಾರಿ ಶಾಲೆಗಳೇ, ಮೇಷ್ಟ್ರುಗಳೂ ಹಳಬರೇ. 1978ರ ಹೊತ್ತಿಗೆ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು.

ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ತಾವೇ ಪ್ರಯೋಗ ಮಾಡುತ್ತಿದ್ದರು. ‘ಬಾಲ್ ವೈಜ್ಞಾನಿಕ್’ ಪುಸ್ತಕದ ತುಂಬಾ ಪ್ರಶ್ನೆಗಳು, ಉತ್ತರವನ್ನು ಮಕ್ಕಳೇ ಹುಡುಕಬೇಕು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಜೊತೆಗೆ ಪ್ರಯೋಗ ಪರೀಕ್ಷೆಯೂ ಇತ್ತು.

1978ರಲ್ಲಿ ಟೆಲ್ಕೋ ಇಂಜಿನಿಯರ್ ಅರವಿಂದ ಗುಪ್ತ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ, ಅದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಕಟ್ಟಿದರು. ನೀವೂ ಮಾಡಿ ನೋಡಿ. ನಾಲ್ಕು ಕಡ್ಡಿಯ ಚೌಕ ಮುಟ್ಟಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ. ಛಾವಣಿಯ ಕಟ್ಟಿನಲ್ಲಿ ತ್ರಿಕೋನಗಳೇ ಯಾಕೆ ಅನ್ನೋದು ಬೋರ್ಡಿನ ಮೇಲೆ ಬರೆಯದೆಯೇ ಗೊತ್ತಾಗುತ್ತದೆ.

ಆದರೆ ನನಗೆ ಬೆಂಕಿಕಡ್ಡಿಗಿಂತ ದೊಡ್ಡದಾಗಿ ಕಾಣಿಸುವುದು ಮೇಷ್ಟ್ರುಗಳಿಗೆ ಸಿಕ್ಕ ಬೆಂಬಲ. ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿ. ದೆಹಲಿ ವಿಶ್ವವಿದ್ಯಾಲಯದ, ಮುಂಬೈನ ಟಿಐಎಫ್‌ಆರ್‌ನ ವಿಜ್ಞಾನಿಗಳು ಅವರ ಪಕ್ಕದಲ್ಲಿ ಕೂತು ಪ್ರಯೋಗ ಮಾಡುತ್ತಿದ್ದರು. ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಒಂದು ಕಡೆ ಸೇರಿ ತಮ್ಮ ಕ್ಲಾಸಿನ ತೊಡಕುಗಳನ್ನು ಮಾತಾಡಿಕೊಳ್ಳುತ್ತಿದ್ದರು. ಒಡೆದ, ಮುಗಿದ ಸಾಮಾನನ್ನು ಮತ್ತೆ ತುಂಬಿಕೊಡುವ ಏರ್ಪಾಡೂ ಇತ್ತು. ಮಕ್ಕಳ ಪ್ರಶ್ನೆಗೆ ‘ನನಗೂ ಗೊತ್ತಿಲ್ಲ, ನೋಡೋಣ’ ಅಂದರೆ ಮೇಷ್ಟ್ರ ಮರ್ಯಾದೆ ಹೋಗುತ್ತಿರಲಿಲ್ಲ. ಮಕ್ಕಳು ‘ಸವಾಲೀರಾಂ’ ಎಂಬ ಕಾಲ್ಪನಿಕ ವ್ಯಕ್ತಿಗೆ ಪತ್ರ ಬರೆದು ಕೇಳಬಹುದಿತ್ತು, ಉತ್ತರವೂ ಬರುತ್ತಿತ್ತು.

2002ರಲ್ಲಿ ರಾಜ್ಯ ಸರ್ಕಾರ ಇದನ್ನು ನಿಲ್ಲಿಸಿತು. ಆಗ ಅದು ಹಲವು ಜಿಲ್ಲೆಗಳ ಸುಮಾರು 1,000 ಶಾಲೆಗಳಲ್ಲಿತ್ತು. ರಾಜ್ಯಕ್ಕೆಲ್ಲ ಒಂದೇ ಪಠ್ಯ ಇರಲಿ ಎಂಬ ವಾದ ಗೆದ್ದಿತು. ಏಕಲವ್ಯ ಇವತ್ತೂ ಇದೆ, ಪುಸ್ತಕಗಳೂ ಸಿಗುತ್ತವೆ. ಆದರೆ ಸರ್ಕಾರಿ ಶಾಲೆಯ ಮೇಷ್ಟ್ರ ಬೆನ್ನಿಗೆ ನಿಂತ 30 ವರ್ಷದ ಆ ಏರ್ಪಾಡು ಹೋಯಿತು. ಹೊಸ ಕಿಟ್ ಕೊಳ್ಳುವಷ್ಟು ಸುಲಭವಾಗಿ ಅದನ್ನು ಮತ್ತೆ ಕಟ್ಟಲಾಗದು.

ಈಗಲೂ ಶಾಲೆಗಳಿಗೆ ಕಿಟ್ ದಾನ ಮಾಡುವವರನ್ನು ನೋಡುತ್ತೇನೆ. ಒಳ್ಳೆಯದೇ. ಕೊಡುವಾಗ ಮೇಷ್ಟ್ರಿಗೆ ಒಂದು ಮಾತು ಹೇಳಿದರೆ ಚೆನ್ನ: “ಒಡೆದರೆ ಒಡೆಯಲಿ ಸಾರ್, ಮತ್ತೆ ತಂದುಕೊಡ್ತೀವಿ.” ನಮ್ಮ ಮೇಷ್ಟ್ರಿಗೆ ಹಾಗೆ ಯಾರೂ ಹೇಳಲಿಲ್ಲ.

ನಿಮ್ಮ ಶಾಲೆಯ ಪೆಟ್ಟಿಗೆಗೆ ಬೀಗ ಇತ್ತಾ?