ಹೋದದ್ದು ಹೊಳ್ಳಿ ಬರಬೇಕು

ರೊಕ್ಕ ಇದ್ದವರು ಬಾಹ್ಯಾಕಾಶದ ಅಂಚು ಮುಟ್ಟಿ ಬರ್ತಾರಂತ ಅನಗವಾಡಿಯ ಕಟ್ಟೆಮ್ಯಾಲೆ ಕೂತು ಹೇಳಿದಾಗ ಅಜ್ಜ ಕೇಳಿದ್ದು ಒಂದೇ: "ಹೋಗೂದು ಖರೆ, ಹೊಳ್ಳಿ ಬರೂದು ಹೆಂಗೋ ತಮ್ಮಾ?"

ಈ ಇತಿಹಾಸದ ತಿರುಳೇ ಅದು. 2004ರಲ್ಲಿ ಅಮೆರಿಕದ ಖಾಸಗಿ ವಿಮಾನ ಸ್ಪೇಸ್‌ಶಿಪ್‌ಒನ್ ನೂರು ಕಿಲೋಮೀಟರ್ ದಾಟಿ ಬಂದು ರನ್‌ವೇ ಮೇಲೆ ಇಳಿಯಿತು. ಅದೇ ವಂಶದ ಇನ್ನೊಂದು ನೌಕೆ 2014ರಲ್ಲಿ ಆಕಾಶದಲ್ಲೇ ಒಡೆದು ಒಬ್ಬ ಪೈಲಟ್ ಸತ್ತ. ಪ್ರವಾಸ ವರ್ಷಗಟ್ಟಲೆ ಹಿಂದೆ ಬಿತ್ತು.

ನಮ್ಮ ಇಸ್ರೋದ ರೆಕ್ಕೆಯ ನೌಕೆ ಪ್ರವಾಸಿಗರಿಗಲ್ಲ, ಉಡಾವಣೆಯ ಖರ್ಚು ಇಳಿಸಲಿಕ್ಕೆ. ಅದರಲ್ಲಿ ಮನುಷ್ಯರೂ ಇರಲ್ಲ. 2016ರ ಮೇ 23ರಂದು ಶ್ರೀಹರಿಕೋಟಾದಿಂದ 65 ಕಿಲೋಮೀಟರ್ ಏರಿ ಬಂಗಾಳ ಕೊಲ್ಲಿಗೆ ಇಳಿಯಿತು. ನೆಲಕ್ಕಿಳಿಯೋದನ್ನ ಕಲಿತದ್ದು ನಮ್ಮ ಚಳ್ಳಕೆರೆ ಹತ್ತಿರ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಎಂಜಿನ್ ಬಲವಿಲ್ಲ, ಇನ್ನೊಮ್ಮೆ ಸುತ್ತು ಹಾಕೋ ಅವಕಾಶವೂ ಇಲ್ಲ. ಸಾಫ್ಟ್‌ವೇರೇ ದಾರಿ ಹುಡುಕಿ ಇಳಿಸಿತು. 2024ರ ಜೂನ್‌ನಲ್ಲಿ ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಜೋರು ಗಾಳಿಯಲ್ಲೂ 'ಪುಷ್ಪಕ' ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಲ್ಲಿ ರನ್‌ವೇ ಮಧ್ಯಕ್ಕೇ ಬಂದು ಇಳಿಯಿತು. ಕೋಡ್ ಬರೆಯೋನಾಗಿ ನನಗೆ ರೋಮಾಂಚನ.

ಆದರೆ ಆ ರನ್‌ವೇ ಇರೋದು ಅಮೃತಮಹಲ್ ಕಾವಲಿನಲ್ಲಿ. ದನ-ಕುರಿ ಮೇಯುತ್ತಿದ್ದ ನೆಲ ಅದು. ನಾನೋ, ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ತಾಲ್ಲೂಕಿನವ. ಪುಷ್ಪಕ ಹೊಳ್ಳಿ ಬಂದದ್ದಕ್ಕೆ ಚಪ್ಪಾಳೆ ಹೊಡೆದೆ, ಖರೆ. ಹೋದ ಹುಲ್ಲುಗಾವಲು ಮಾತ್ರ ಹೊಳ್ಳಿ ಬರಾಂಗಿಲ್ಲ.