ಜೂಬಿಲಿ ಭವನ ಮತ್ತು ಅದರ ಓಲೆಗಳು

ಮೈಸೂರು ದೇವರಾಜ ಮೊಹಲ್ಲೆಯ ಕೃಷ್ಣರಾಜ ಬುಲವಾರ್ಡಿನಲ್ಲಿರುವ ಜೂಬಿಲಿ ಭವನವು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ನೆಲೆಯೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇದರ ಆರಂಭವನ್ನು ೧೮೮೭ ಎಂದೂ ೧೮೯೧ ಎಂದೂ ಹೇಳುವುದುಂಟು. ಎರಡೂ ದಿಟವೇ, ಮೊದಲನೆಯದು ಕಟ್ಟಡಕ್ಕೂ ಎರಡನೆಯದು ಪುಸ್ತಕಭಂಡಾರಕ್ಕೂ ಸಲ್ಲತಕ್ಕದ್ದು. ಈ ಭೇದವನ್ನು ಗಮನಿಸದಿದ್ದರೆ ಭವನದ ಚರಿತ್ರೆಯು ಅರ್ಧವೇ ತಿಳಿದಂತಾಗುವುದು.

ವಿಕ್ಟೋರಿಯಾ ರಾಣಿಯು ಪಟ್ಟವೇರಿದ ಐವತ್ತನೆಯ ವರ್ಷದ ಸ್ಮಾರಕವಾಗಿ ೧೮೮೭ರಲ್ಲಿ ಇದಕ್ಕೆ ಅಸ್ತಿಭಾರ ಬಿದ್ದಿತು. ಆಗ ಮೈಸೂರನ್ನು ಆಳುತ್ತಿದ್ದವರು ಶ್ರೀ ಚಾಮರಾಜೇಂದ್ರ ಒಡೆಯರವರು. ಸ್ಮಾರಕದ ಉದ್ದೇಶಕ್ಕೆ ತಕ್ಕಂತೆ ರೂಪವೂ ಐರೋಪ್ಯವೇ: ಕೊರಿಂಥಿಯನ್ ಮತ್ತು ಅಯೋನಿಕ್ ಕ್ರಮದ ಸ್ತಂಭಗಳು, ರೋಮಕ ರೀತಿಯ ಅರ್ಧವೃತ್ತಾಕಾರದ ಕಮಾನುಗಳು. ನಮ್ಮ ಮಠಗಳ ಸರಸ್ವತೀಭಂಡಾರಗಳ ಛಾಯೆಯು ಅದರಲ್ಲಿ ಕಾಣದು. ಹೆಸರಿನಲ್ಲಿಯೂ ಗ್ರಂಥದ ಸೂಚನೆಯಿಲ್ಲ.

೧೮೯೧ರಲ್ಲಿ ಅದೇ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರಕ್ಕೆ ಈ ಭವನವು ಆಶ್ರಯವಾಯಿತು. ಭಂಡಾರವು ೧೯೧೬ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿ, ೧೯೪೩ರಲ್ಲಿ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಒಂದೊಂದು ಮನೆತನದ ಸೊತ್ತಾಗಿದ್ದ ಓಲೆಯ ಕಟ್ಟುಗಳು ಇಲ್ಲಿಗೆ ಬಂದು, ಓದಬಲ್ಲವರೆಲ್ಲರ ಸೊತ್ತಾದುವು.

ಕೌಟಿಲ್ಯನ ಅರ್ಥಶಾಸ್ತ್ರವೇ ಇದಕ್ಕೆ ನಿದರ್ಶನ. ದಂಡಿ, ಮಲ್ಲಿನಾಥ ಮೊದಲಾದವರ ಉಲ್ಲೇಖಗಳಿಂದ ಮಾತ್ರ ಆಧುನಿಕ ವಿದ್ವಾಂಸರಿಗೆ ಪರಿಚಿತವಾಗಿದ್ದ ಈ ಶಾಸ್ತ್ರದ ಗ್ರಂಥಲಿಪಿಯ ಓಲೆಪ್ರತಿಯನ್ನು, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗದೊಡನೆ, ತಂಜಾವೂರು ಸೀಮೆಯ ಪಂಡಿತರೊಬ್ಬರು ಈ ಭಂಡಾರಕ್ಕೆ ಒಪ್ಪಿಸಿದರು. ಭಂಡಾರದ ಪುಸ್ತಕಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೫ರಲ್ಲಿ ಲೋಕಕ್ಕೆ ತಿಳಿಸಿದರು; ೧೯೦೯ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು; ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನು ಪುಸ್ತಕರೂಪದಲ್ಲಿ ಹೊರತಂದರು. ಪರರಾಣಿಯ ಗೌರವಕ್ಕಾಗಿ ಎದ್ದ ಭವನವು ಹೀಗೆ ಭರತಖಂಡದ ರಾಜನೀತಿಯ ಪುನರ್ದರ್ಶನಕ್ಕೆ ಸ್ಥಾನವಾಯಿತು.

ಮುದ್ರಣವಾದ ಬಳಿಕ ಓಲೆಯಿಂದೇನು ಪ್ರಯೋಜನವೆಂದು ಆಕ್ಷೇಪಿಸಬಹುದು. ಅಚ್ಚಿನ ಪಾಠವು ಸಂಪಾದಕನ ನಿರ್ಣಯ. ಓಲೆಯು ಅದರ ಸಾಕ್ಷಿ. ಶಾಸ್ತ್ರಿಗಳ ಮುದ್ರಣದ ತರುವಾಯವೂ ಟಿ. ಗಣಪತಿ ಶಾಸ್ತ್ರಿಗಳು ೧೯೨೪-೨೫ರಲ್ಲಿ ತಿರುವನಂತಪುರದಿಂದಲೂ, ಆರ್. ಪಿ. ಕಾಂಗ್ಲೆಯವರು ೧೯೬೦ರಲ್ಲಿ ಮುಂಬಯಿಯಿಂದಲೂ ಪಾಠವನ್ನು ಮರಳಿ ಪರಿಶೋಧಿಸಿದರು. ಸಾಕ್ಷಿಯೇ ನಷ್ಟವಾದರೆ ಇಂತಹ ಪರಿಶೋಧನೆಯು ನಿಂತುಹೋಗುವುದು.

ಓಲೆಗೆ ತೇವವೂ ಹುಳುವೂ ಶತ್ರುಗಳು. ಹುಲ್ಲಿನೆಣ್ಣೆಯ ಲೇಪವು ಹುಳುವನ್ನು ತಡೆದೀತು, ಸೋರುವ ಸೂರನ್ನು ತಡೆಯಲಾರದು. ಇದೇ ನಗರದಲ್ಲಿ, ಹೆಚ್ಚುಕಡಿಮೆ ಇದೇ ವಯಸ್ಸಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರಲ್ಲಿ ಕುಸಿದು ಜೀವಹಾನಿಯಾದುದನ್ನು ಮರೆಯಲಾಗದು. ಆದುದರಿಂದ ಜೂಬಿಲಿ ಭವನದ ಜೀರ್ಣೋದ್ಧಾರವನ್ನು ಕೇವಲ ಕಂಬ ಕಮಾನುಗಳ ಅಲಂಕಾರವೆಂದೆಣಿಸದೆ, ಗ್ರಂಥರಕ್ಷಣೆಯ ಮೊದಲ ಅಂಗವೆಂದೇ ಭಾವಿಸತಕ್ಕದ್ದು.